ಮೂಕಿ ಅಂತ ಯಾಕೆ ಕರೆದೆ

ಜನವರಿ 21, ಬುಧವಾರ

ಅಕ್ಕಾ,

ರಾತ್ರಿ ಎರಡೂವರೆ. ‘ಟಪ್’ ಅಂತ ಒಂದು ಸದ್ದು. ಯಾರೋ ಕಿಟಕಿಯ ಗಾಜಿಗೆ ಕಲ್ಲು ಹೊಡೆದ ಹಾಗೆ. ಆದರೆ ಹೊರಗಿನಿಂದಲ್ಲ, ಒಳಗಿನಿಂದ. ಮಗಳು ಗಿಣಿಯನ್ನು ಎದೆಗೆ ಅವುಚಿಕೊಂಡು ಕತ್ತಲಲ್ಲೇ ಎದ್ದು ಕೂತೆ. ಇವರಿಗೆ ಪ್ರೆಸ್ಸಿನಲ್ಲಿ ರಾತ್ರಿ ಪಾಳಿ, ಮನೆಗೆ ಬರುವುದು ಬೆಳಿಗ್ಗೆ ಪೇಪರಿನ ಜೊತೆಗೇ. ಮನೆಯಲ್ಲಿದ್ದದ್ದು ನಾನು, ಒಂದು ವರ್ಷ ಎರಡು ತಿಂಗಳ ಕೂಸು, ಮತ್ತೆ ನೀನು ಬಿಟ್ಟುಹೋದ ಹನ್ನೊಂದು ಕುಂಡಗಳು. ಮತ್ತೆ ‘ಟಪ್’. ಈ ಸಲ ಏನೋ ಬಂದು ನನ್ನ ಕೆನ್ನೆಗೇ ಬಡಿಯಿತು.

ದೀಪ ಹಾಕಿ ನೋಡಿದರೆ ದಿಂಬಿನ ಮೇಲೆ ಸಾಸಿವೆಗಿಂತ ಚೂರು ದಪ್ಪನೆಯ ಬೀಜ. ಕಿಟಕಿಯ ಕೆಳಗೆ ಇನ್ನೆರಡು. ಆ ಚಪ್ಪಟೆ ಹಸಿರು ಹೂವಿನ ಗಿಡ, ಕೊರಳಿಗೆ ‘ಕವಣೆ ಮಾವ’ ಅಂತ ಚೀಟಿ ಕಟ್ಟಿದ್ದೀಯಲ್ಲ, ಅದರ ಕೆಲಸ. ಬೀಜವನ್ನು ಕವಣೆಯಲ್ಲಿಟ್ಟು ಹೊಡೆಯುತ್ತದೆ. ನೀನು ಆ ಹೆಸರನ್ನು ತಮಾಷೆಗೆ ಇಟ್ಟಿದ್ದೀಯ ಅಂದುಕೊಂಡಿದ್ದೆ. ಹೆಸರಿಗೆ ಅರ್ಥವಿದೆ ಅಂತ ಮೊದಲೇ ಹೇಳಬಾರದಿತ್ತೇ? ಬೆಳಿಗ್ಗೆ ಇವರಿಗೆ ಹೇಳಿದರೆ, “ನಿಮ್ಮಕ್ಕ ಮನೇಲಿ ಇಲ್ದಿದ್ರೂ ಕಲ್ಲು ಹೊಡೀತಾಳಲ್ಲ” ಅಂತ ನಕ್ಕರು. ನನಗೆ ನಗು ಬರಲಿಲ್ಲ. ಗಿಣಿ ಬಾಯಿ ತೆರೆದು ಮಲಗುವ ಮಗು.

ಅದಕ್ಕೇ ಕೇಳುತ್ತಿದ್ದೇನೆ. ನೀನು ಮಣ್ಣು ಪರೀಕ್ಷೆಯ ಕೆಲಸ ಹಿಡಿದು ಆ ಬೆಟ್ಟದ ಕ್ಯಾಂಪಿಗೆ ಹೊರಟಾಗ ಎಲ್ಲಾ ಗಡಿಬಿಡಿ. ಎಂಟು ತಿಂಗಳು ನೋಡಿಕೋ ಅಂದೆ, ನಾನು ಹೂಂ ಅಂದೆ. ಯಾರಿಗೆ ಎಷ್ಟು ನೀರು ಅಂತ ಹೇಳಿದೆಯೇ ಹೊರತು ಯಾರು ಎಂಥವರು ಅಂತ ಹೇಳಲಿಲ್ಲ. ಇವುಗಳ ನಿಜವಾದ ಹೆಸರೂ ನನಗೆ ಗೊತ್ತಿಲ್ಲ. ಗಿಣಿ ಈಗ ಗೋಡೆ ಹಿಡಿದು ಮನೆಯೆಲ್ಲಾ ಓಡಾಡುತ್ತಾಳೆ, ಸಿಕ್ಕಿದ್ದೆಲ್ಲ ಮೊದಲು ಬಾಯಿಗೆ. ಈ ಹನ್ನೊಂದರಲ್ಲಿ ಮಗುವಿನ ಬಾಯಿಗೆ ಹೋಗಬಾರದ್ದು ಯಾವುದಾದರೂ ಇದೆಯೇ? ಇದ್ದರೆ ಯಾವುದು? ಇದೊಂದಕ್ಕೆ ಸರಿಯಾಗಿ ಉತ್ತರ ಬರಿ.

ನಿಮಗೆ ಸಾಮಾನು ಒಯ್ಯುವ ಜೀಪಿನ ಡ್ರೈವರಣ್ಣ ನಾಳೆ ಬೆಳಿಗ್ಗೆ ಇದನ್ನು ತೆಗೆದುಕೊಂಡು ಹೋಗುತ್ತಾನೆ. ಶನಿವಾರ ಇಳಿಯುವಾಗ ನಿನ್ನ ಉತ್ತರ ಅವನ ಕೈಯಲ್ಲಿರಲಿ.

ಪುಟ್ಟಿ


ಜನವರಿ 23, ಶುಕ್ರವಾರ

ಪುಟ್ಟೀ,

ನಿನ್ನ ಕಾಗದವನ್ನು ಡೇರೆಯಲ್ಲಿ ಗಟ್ಟಿಯಾಗಿ ಓದಿದೆ. ಕವಣೆ ಮಾವ ನಿನ್ನ ಕೆನ್ನೆಗೆ ಹೊಡೆದದ್ದು ಕೇಳಿ ನಮ್ಮ ಅಡುಗೆಯವನು ಸೌಟು ಹಿಡಿದುಕೊಂಡೇ ಕೂತು ನಕ್ಕ. ಹೂವಿಗೆ ಒಂದು ತೆಳು ಬಟ್ಟೆ ಚೀಲ ಕಟ್ಟು, ಹೊಡೆದದ್ದೆಲ್ಲ ಅದರಲ್ಲೇ ಬೀಳುತ್ತದೆ. ಬೀಜ ಎಸೆಯಬೇಡ, ನನಗೆ ಬೇಕು.

ಹೆಸರನ್ನು ನಾನು ಸುಮ್ಮನೆ ಇಡುವವಳಲ್ಲ. ನೀನು ಹುಟ್ಟಿದಾಗ ಅಂಗೈಯಷ್ಟಿದ್ದೆ, ಪುಟ್ಟಿ ಅಂದೆ. ಈಗ ನನಗಿಂತ ಒಂದು ಗೇಣು ಎತ್ತರವಿದ್ದೀಯ, ಅದು ನನ್ನ ತಪ್ಪಲ್ಲ. ಸನ್ನೆ ಅತ್ತೆಯ ಚಿಕ್ಕ ಎಲೆಗಳು ತಾವಾಗಿಯೇ ಕೈಯಾಡಿಸುತ್ತವೆ. ಬಿಸಿಲು ಬಿದ್ದಾಗ ಕೂತು ನೋಡು, ಬಾ ಅಂತ ಕರೆದ ಹಾಗಿರುತ್ತದೆ. ಹೂಜಿಯಂಥ ಚೀಲ ಇಳಿಬಿಟ್ಟಿರುವವನು ಹೊಟ್ಟೆಬಾಕ. ಸೊಳ್ಳೆ ನೊಣ ಒಳಗೆ ಬಿದ್ದರೆ ಜೀರ್ಣಿಸಿಕೊಳ್ಳುತ್ತಾನೆ. ಬೆಣಚುಕಲ್ಲಿನ ಹಾಗಿರುವವರು ಕಲ್ಲಮ್ಮಂದಿರು. ಅವರು ಈಗ ಹಳೆಯ ಚರ್ಮ ಕಳಚಿ ಒಳಗಿನಿಂದ ಹೊಸದಾಗಿ ಬರುತ್ತಾರೆ, ಆ ಹೊತ್ತಿಗೆ ಒಂದು ತೊಟ್ಟೂ ನೀರು ಬೇಡ. ಎಷ್ಟೇ ಕನಿಕರ ಬಂದರೂ ಬೇಡ. ಮೂಕಿಯ ವಿಷಯ ಬರೆಯುವುದೇನಿದೆ, ಹೆಸರೇ ಹೇಳುತ್ತದಲ್ಲ.

ಬಾಯಿಗೆ ಹಾಕಿಕೊಳ್ಳುವ ಮಾತಿಗೆ ಬಂದರೆ, ಗಿಣಿಯೇನು ಮೇಕೆಯಾ? ನಾನು ಇಟ್ಟಲ್ಲಿಂದ ಕುಂಡಗಳನ್ನು ಕದಲಿಸಬೇಡ, ಅಷ್ಟೇ. ಇವರೆಲ್ಲ ಭಾರಿ ಮುನಿಸಿನವರು. ಜಾಗ ಬದಲಾಯಿಸಿದರೆ ಎಲೆ ಉದುರಿಸಿ ಕೂರುತ್ತಾರೆ. ಎತ್ತರದಲ್ಲಿ ಇರುವವರು ಎತ್ತರದಲ್ಲೇ ಇರಲಿ.

ನೀನು ನಿದ್ದೆ ಮಾಡು ಮೊದಲು. ಮಗು ಮಲಗಿದಾಗ ನೀನೂ ಮಲಗಿಬಿಡು. ಕೆಲಸವೇನು, ಕಾಯುತ್ತದೆ.

ಅಕ್ಕ


ಜನವರಿ 30, ಶುಕ್ರವಾರ

ಪುಟ್ಟೀ,

ಜೀಪು ಬಂತು, ಅಕ್ಕಿ ಬಂತು, ಸೀಮೆಎಣ್ಣೆ ಬಂತು, ನಿನ್ನ ಕಾಗದ ಬರಲಿಲ್ಲ. ಡ್ರೈವರಣ್ಣನನ್ನು ಕೇಳಿದರೆ, “ಬಾಗ್ಲು ತಟ್ಟಿದೆ, ಒಳಗಡೆಯಿಂದ ‘ಶ್’ ಅಂದ್ರು, ವಾಪಸ್ ಬಂದೆ” ಅನ್ನುತ್ತಾನೆ. ಯಾವುದಾದರೂ ಗಿಡ ಸತ್ತಿದ್ದರೆ ಸತ್ತಿದೆ ಅಂತ ಬರಿ. ಬೈಯುವುದಿಲ್ಲ. ಬೈಯುತ್ತೇನೆ, ಆದರೂ ಬರಿ.

ಅಕ್ಕ


ಫೆಬ್ರವರಿ 4, ಬುಧವಾರ

ಅಕ್ಕಾ,

ಯಾರೂ ಸತ್ತಿಲ್ಲ. ಹೋದ ವಾರ ಬರೆಯಲು ಕೂತೆ, ‘ಅಕ್ಕಾ’ ಅಂತ ಬರೆದೆ, ಆಮೇಲೆ ಏನು ಬರೆಯಬೇಕೆಂದು ತೋಚಲಿಲ್ಲ. ಡ್ರೈವರಣ್ಣನಿಗೆ ‘ಶ್’ ಅಂದದ್ದು ನಾನೇ. ಆ ಹೊತ್ತಿಗೆ ಗಿಣಿ ಅದೇ ತಾನೇ ಕಣ್ಣು ಮುಚ್ಚಿದ್ದಳು. ಮಲಗಿದಾಗ ಮಲಗು ಅನ್ನುತ್ತೀಯ. ಅವಳು ಮಲಗಿದಾಗ ನಾನು ಅವಳ ಉಸಿರು ಕೇಳುತ್ತಾ ಕೂರುತ್ತೇನೆ. ನಿಂತಿತೇನೋ ಅನ್ನಿಸುತ್ತದೆ, ಮೂಗಿನ ಹತ್ತಿರ ಬೆರಳಿಡುತ್ತೇನೆ, ಎದ್ದುಬಿಡುತ್ತಾಳೆ. ಮತ್ತೆ ಮೊದಲಿನಿಂದ. ಇವರು ಹಗಲೆಲ್ಲ ಕಿಟಕಿಗೆ ಕಂಬಳಿ ಕಟ್ಟಿ ಒಳಗಿನ ಕೋಣೆಯಲ್ಲಿ ಮಲಗುತ್ತಾರೆ. ಅವರನ್ನೂ ಎಬ್ಬಿಸುವ ಹಾಗಿಲ್ಲ. ಈ ಮನೆಯಲ್ಲಿ ಹೊತ್ತಿಗೊಬ್ಬರು ಮಲಗಿರುತ್ತಾರೆ, ನಾನೊಬ್ಬಳು ಬಿಟ್ಟು.

ಹೋಗಲಿ. ನಿನ್ನ ಸಂಸಾರದ ವರದಿ ಕೊಡುತ್ತೇನೆ. ಕವಣೆ ಮಾವನಿಗೆ ಇವರ ಹಳೆಯ ಕರವಸ್ತ್ರದ ಚೀಲ ಕಟ್ಟಿದ್ದೇನೆ, ಈಗ ಒಳಗೇ ಗೊಣಗುತ್ತಾನೆ. ಕಲ್ಲಮ್ಮಂದಿರಲ್ಲಿ ಒಬ್ಬಳು ನಡುವೆ ಸೀಳಿಕೊಂಡಿದ್ದಾಳೆ, ಒಳಗಡೆ ಹೊಸ ಮೈ ನುಣ್ಣಗೆ ಕಾಣಿಸುತ್ತಿದೆ. ಹಳೆಯದು ಸುಕ್ಕಾಗಿ, ಹೊಸದಕ್ಕೆ ಇದ್ದಬದ್ದ ನೀರನ್ನೆಲ್ಲ ಕೊಟ್ಟು ಒಣಗುತ್ತಿದೆ. ನೋಡುತ್ತಾ ನೋಡುತ್ತಾ ನನಗೆ ಯಾಕೋ ಅಳು ಬಂತು. ನೀರು ಹಾಕಲಿಲ್ಲ, ಹೆದರಬೇಡ.

ನನಗೆ ಭಯವಿರುವುದು ಹೊಟ್ಟೆಬಾಕನ ಮೇಲೆ. ಮೊನ್ನೆ ಅದರ ಹೂಜಿಯೊಳಗೆ ಟಾರ್ಚ್ ಬಿಟ್ಟು ನೋಡಿದೆ. ಅರ್ಧ ಕರಗಿದ ಪತಂಗ. ಮಾಂಸ ತಿನ್ನುವ ಗಿಡವನ್ನು ಮಗುವಿರುವ ಮನೆಯಲ್ಲಿ ಹೇಗೆ ಬಿಟ್ಟುಹೋದೆ ನೀನು? ಸನ್ನೆ ಅತ್ತೆಯೂ ಅಷ್ಟೇ. ಮಧ್ಯಾಹ್ನ ಯಾರೂ ಮುಟ್ಟದೆ, ಗಾಳಿಯೂ ಇಲ್ಲದೆ ಎಲೆ ಮೆಲ್ಲಗೆ ತಿರುಗಿ ನನ್ನತ್ತ ಬಂತು. ಗಿಣಿ ಕೇಕೆ ಹಾಕಿ ನಕ್ಕಳು. ನಾನು ಅವಳನ್ನು ಎತ್ತಿಕೊಂಡು ಅಡುಗೆಮನೆಗೆ ಓಡಿ ಬಾಗಿಲು ಹಾಕಿಕೊಂಡೆ. ಡಿಗ್ರಿ ಓದಿದವಳು, ಒಂದು ಎಲೆಗೆ ಹೆದರಿ. ಯಾರಿಗೂ ಹೇಳಬೇಡ.

ನಿನ್ನ ಇಡೀ ಬಳಗದಲ್ಲಿ ನನಗೆ ನಂಬಿಕೆ ಇರುವುದು ಮೂಕಿಯ ಮೇಲೆ ಮಾತ್ರ. ಹೆಸರೇ ಹೇಳುತ್ತದೆ ಅಂತ ನೀನು ಬರೆದದ್ದು ನಿಜ. ಹೊಡೆಯುವುದಿಲ್ಲ, ತಿರುಗುವುದಿಲ್ಲ, ತಿನ್ನುವುದಿಲ್ಲ, ಹೂ ಬಿಟ್ಟು ನಾರುವುದೂ ಇಲ್ಲ. ದಪ್ಪ ಕಾಂಡ, ಹಾಲು ಚೆಲ್ಲಿದಂತೆ ಬಿಳಿ ಮಚ್ಚೆಯ ಅಗಲ ಎಲೆ, ತನ್ನಷ್ಟಕ್ಕೆ ತಾನು. ಗಿಣಿ ಅವಳ ಪಕ್ಕದಲ್ಲಿ ಕೂತು ಗಂಟೆಗಟ್ಟಲೆ ಮಾತಾಡುತ್ತಾಳೆ. ಅಕ್ಕಾ, ನೀನು ಕೇಳಬೇಕು. ಈಗ ‘ಬೌ’ ಅಂದರೆ ನಾಯಿ, ‘ತಾ’ ಅಂದರೆ ಕೊಡು, ‘ಅಯ್ಯೋ’ ಅಂದರೆ ಅಯ್ಯೋನೇ. ಮಿಕ್ಕದ್ದೆಲ್ಲ ಅವಳದೇ ಭಾಷೆ. ಬೆಳಿಗ್ಗೆ ಕಣ್ಣು ಬಿಟ್ಟದ್ದೇ ಶುರು. ಇಡೀ ದಿನದಲ್ಲಿ ನನ್ನ ಜೊತೆ ಮಾತಾಡುವವಳು ಅವಳೊಬ್ಬಳೇ ಅಂದರೂ ಸರಿ.

ಕುಂಡಗಳ ಜಾಗ ಒಂದನ್ನೂ ಬದಲಾಯಿಸಿಲ್ಲ.

ಬಾಯಿಗೆ ಹಾಕುವ ವಿಷಯಕ್ಕೆ ನೀನು ಉತ್ತರ ಕೊಡಲಿಲ್ಲ. ಮೇಕೆ ಅಂತ ತಮಾಷೆ ಮಾಡಿದೆ, ಅಷ್ಟೇ.

ಪುಟ್ಟಿ


ಫೆಬ್ರವರಿ 6, ಶುಕ್ರವಾರ

ಪುಟ್ಟೀ,

ಬದುಕಿದ್ದೀಯ ಅಂತಾಯಿತು! ಹೊಟ್ಟೆಬಾಕ ಪತಂಗಕ್ಕಿಂತ ದೊಡ್ಡದನ್ನು ಅರಗಿಸಿಕೊಂಡವನಲ್ಲ. ನಿನ್ನ ಮಗಳ ಕಿರುಬೆರಳು ಅದರೊಳಗೆ ಹೋದರೆ ಬೆರಳು ಒದ್ದೆಯಾಗುತ್ತದೆ, ಅವನ ಊಟ ಕೆಡುತ್ತದೆ, ಮುಗಿಯಿತು ಕಥೆ. ಸನ್ನೆ ಅತ್ತೆಗೆ ಹೆದರಿ ಅಡುಗೆಮನೆಯಲ್ಲಿ ಅಡಗಿದವಳೇ, ನಿನಗೆ ನಿಜವಾದ ಅತ್ತೆ ಇದ್ದಿದ್ದರೆ ಏನು ಮಾಡುತ್ತಿದ್ದೆ?

ಇಲ್ಲಿ ಚಳಿ. ಗುಂಡಿ ತೋಡಿಸಿ ಮಣ್ಣು ತೆಗೆದು ಸಂಚಿಗೆ ತುಂಬುವುದು, ಸಂಚಿಗೆ ನಂಬರು ಹಾಕುವುದು, ಸಂಜೆ ಉಗುರು ತೊಳೆಯುವುದು. ನನ್ನ ಕಿಟಕಿಯೂ ನನ್ನವರೂ ನೆನಪಾಗುತ್ತಾರೆ. ನೀನು ನೋಡಿಕೊಳ್ಳುತ್ತಿದ್ದೀಯ ಎಂಬ ಧೈರ್ಯಕ್ಕೇ ನಾನು ಇಲ್ಲಿರುವುದು.

ಸುಮ್ಮನೆ ಭಯ ಹಚ್ಚಿಕೊಳ್ಳಬೇಡ. ಮಗು ಆಡುತ್ತಿರುವಾಗಲೇ ಹತ್ತು ನಿಮಿಷ ಗೋಡೆಗೆ ಒರಗಿ ಕಣ್ಣು ಮುಚ್ಚು. ಮನೆ ಎಲ್ಲಿಗೂ ಓಡಿಹೋಗುವುದಿಲ್ಲ.

ಅಕ್ಕ


ಫೆಬ್ರವರಿ 8, ಭಾನುವಾರ

ಪುಟ್ಟೀ,

ಇದು ನಿನಗೆ ಸಿಗುವುದು ಬರುವ ಶನಿವಾರ. ಅಷ್ಟರೊಳಗೆ ಫೋನಿನಲ್ಲಿ ಸಿಕ್ಕಿ, ಈ ಕಾಗದ ನೋಡಿ ನೀನು ನಗುವ ಹಾಗಾಗಲಿ.

ಮಧ್ಯಾಹ್ನ ಬಿಸಿಲು ಕಾಯಿಸುತ್ತಾ ನಿನ್ನ ಕಾಗದವನ್ನು ಮತ್ತೆ ಓದಿದೆ. ಶುಕ್ರವಾರ ಓದಿದಾಗ ನಕ್ಕುಕೊಂಡು ದಾಟಿದ ಸಾಲು ಈ ಸಲ ಹಿಡಿದು ನಿಲ್ಲಿಸಿತು. ಗಿಣಿ ಮೂಕಿಯ ಪಕ್ಕದಲ್ಲಿ ಕೂತು ಮಾತಾಡುತ್ತಾಳೆ ಅಂದಿದ್ದೀಯ. ಜಾಗ ಒಂದನ್ನೂ ಬದಲಾಯಿಸಿಲ್ಲ ಅಂತಲೂ ಅಂದಿದ್ದೀಯ. ನಾನು ಮೂಕಿಯನ್ನು ನನ್ನ ಹೆಗಲೆತ್ತರದ ಸ್ಟ್ಯಾಂಡಿನ ಮೇಲೆ ಇಟ್ಟು ಬಂದವಳು. ಒಂದು ವರ್ಷದ ಮಗು ಅವಳ ಪಕ್ಕದಲ್ಲಿ ಹೇಗೆ ಕೂರುತ್ತದೆ?

ಕಾಗದ ಮಡಚಿ ಜೇಬಿಗೆ ಹಾಕಿಕೊಂಡು ಅಣೆಕಟ್ಟಿನ ಕಚೇರಿಗೆ ಇಳಿದೆ. ಈ ಸುತ್ತಿನಲ್ಲಿ ಫೋನಿರುವುದು ಅಲ್ಲಿ ಮಾತ್ರ. ಮಾಡಿದಾಗಲೆಲ್ಲ ಎಂಗೇಜ್. ಕತ್ತಲಾಗುವವರೆಗೂ ಎಂಗೇಜ್. ಅಲ್ಲಿನ ಗುಮಾಸ್ತರು, “ನಿಮ್ಮ ತಂಗಿ ಮಾತುಗಾರ್ತಿ ಅನ್ಸುತ್ತೆ” ಅಂದರು. ಯಾರ ಜೊತೆ ಅಷ್ಟು ಮಾತಾಡುತ್ತಿದ್ದೆ ಮಾರಾಯ್ತಿ? ಕೊನೆಗೆ ಅವರು ಬೀಗ ಹಾಕಿದರು, ನಾನು ಹತ್ತಿ ಬಂದೆ.

ಈಗ ಇದನ್ನು ತಮಾಷೆಯಿಲ್ಲದೆ ಓದು. ಮೂಕಿಗೆ ಮೂಕಿ ಅಂತ ಹೆಸರಿಟ್ಟದ್ದು ಅವಳು ಸುಮ್ಮನಿರುತ್ತಾಳೆ ಅಂತಲ್ಲ. ಬೇರೆಯವರನ್ನು ಸುಮ್ಮನಾಗಿಸುತ್ತಾಳೆ ಅಂತ. ಮೊದಲು ನಾನು ಕೆಲಸಕ್ಕಿದ್ದ, ಗಿಡ ಬೆಳೆಸುವ ಗಾಜಿನ ಮನೆಯಲ್ಲಿ ಒಬ್ಬ ಮೇಸ್ತ್ರಿ ಇದ್ದ. ಅವನ ಬಾಯಿಗೆ ಬಿಡುವಿರಲಿಲ್ಲ. ಯಾವ ಗಿಡವಾದರೂ ರುಚಿ ನೋಡಿ ಗುರುತು ಹೇಳುತ್ತೇನೆ ಅಂತ ಜಂಬ ಕೊಚ್ಚಿ ಇದರ ಕಾಂಡ ಕಚ್ಚಿದ. ಅದರ ರಸದಲ್ಲಿ ಕಣ್ಣಿಗೆ ಕಾಣದ ಸೂಜಿಗಳಿವೆ. ನಾಲಿಗೆ ಊದಿ ಬಾಯಿ ತುಂಬಿತು. ಎರಡು ದಿನ ಸ್ವರವೇ ಹೊರಡಲಿಲ್ಲ, ಸ್ಲೇಟಿನ ಮೇಲೆ ಬರೆದು ಬರೆದು ಬೈಯುತ್ತಿದ್ದ. ಇಡೀ ಗಾಜಿನ ಮನೆ ನಿಶ್ಶಬ್ದ. ಅವನು ಆಮೇಲೆ ಸರಿಹೋದ. ನಾವೆಲ್ಲ ಗಿಡಕ್ಕೆ ಕೃತಜ್ಞರಾಗಿ ಆ ಹೆಸರಿಟ್ಟೆವು, ನಾನು ಒಂದು ತುಂಡು ತಂದು ನೆಟ್ಟೆ. ಜೀವ ತೆಗೆಯುವ ಗಿಡವಲ್ಲ ಅದು, ಹೃದಯಕ್ಕೆ ಏನೂ ಮಾಡುವುದಿಲ್ಲ. ಆದರೆ ಮೇಸ್ತ್ರಿಯ ಗಂಟಲು ಬೇರೆ, ಗಿಣಿಯ ಗಂಟಲು ಬೇರೆ. ಆ ಸಣ್ಣ ದಾರಿ ಊದಿಕೊಂಡರೆ ಉಸಿರಿಗೆ ಜಾಗ ಎಲ್ಲಿರುತ್ತದೆ?

ನೀನು ಮೊದಲ ಕಾಗದದಲ್ಲೇ ನೇರವಾಗಿ ಕೇಳಿದೆ. ನಾನು ಮೇಕೆ ಅಂತ ಹಾರಿಕೆಯ ಮಾತಾಡಿದೆ. ಹೇಳಿದ್ದರೆ ನೀನು ಅವಳೊಬ್ಬಳನ್ನಲ್ಲ, ಹನ್ನೊಂದು ಜನರನ್ನೂ ಮೆಟ್ಟಿಲಿಗೆ ತಂದು ಇಡುತ್ತಿದ್ದೆ. ಅವರನ್ನು ಬಿಟ್ಟುಬರಲು ನನಗೆ ಬೇರೆ ಕಿಟಕಿ ಇರಲಿಲ್ಲ ಪುಟ್ಟೀ. ಎತ್ತರದಲ್ಲಿಟ್ಟು, ಕದಲಿಸಬೇಡ, ಮುನಿಸಿಕೊಳ್ಳುತ್ತಾರೆ ಅಂತ ಹೇಳಿದರೆ ಸಾಕು, ಎರಡೂ ಕೆಲಸ ಆಗುತ್ತದೆ ಅಂದುಕೊಂಡೆ.

ಅವಳನ್ನು ಈಗಲೇ ಬೀರುವಿನ ಮೇಲಿಡು. ಬೇಡ, ಹೊರಗೆ ಎಸೆ. ಆಮೇಲೆ ಸೋಪಿನಲ್ಲಿ ಕೈ ತೊಳೆದುಕೋ. ನಾಳೆ ಬೆಳಿಗ್ಗೆ ತಂಡದ ಜೊತೆ ಮೇಲಿನ ಗುಡ್ಡಕ್ಕೆ ಹತ್ತಬೇಕು, ಬುಧವಾರ ಸಂಜೆಯವರೆಗೆ ಇಳಿಯುವ ದಾರಿಯಿಲ್ಲ. ಗುರುವಾರ ಜೀಪು ಬಂದ ತಕ್ಷಣ ಅದರಲ್ಲೇ ಕೆಳಗಿಳಿದು ಮತ್ತೆ ಫೋನ್ ಮಾಡುತ್ತೇನೆ. ನಾನೇ ಇಲ್ಲದ್ದನ್ನೆಲ್ಲ ಕಲ್ಪಿಸಿಕೊಳ್ಳುತ್ತಿರಬಹುದು. ಪಕ್ಕದಲ್ಲಿ ಅಂದರೆ ಸ್ಟ್ಯಾಂಡಿನ ಕೆಳಗೆ ಅಂತಲೂ ಇರಬಹುದಲ್ಲ?

ಅಕ್ಕ


ಫೆಬ್ರವರಿ 11, ಬುಧವಾರ ರಾತ್ರಿ

ಅಕ್ಕಾ,

ಹನ್ನೊಂದು ಗಂಟೆ ದಾಟಿದೆ. ಇದನ್ನು ಆಸ್ಪತ್ರೆಯ ಬೆಂಚಿನ ಮೇಲೆ, ಔಷಧಿ ಚೀಟಿಗಳ ಹಿಂಬದಿಯಲ್ಲಿ ಬರೆಯುತ್ತಿದ್ದೇನೆ. ಸುದ್ದಿ ಸಿಕ್ಕಿ ಪ್ರೆಸ್ಸಿನಿಂದ ಬಂದ ಇವರು ಡ್ರೈವರಣ್ಣನನ್ನು ಎಬ್ಬಿಸಿ ಕರೆತರಲು ಓಡಿದ್ದಾರೆ. ಅವರು ಬರುವುದರೊಳಗೆ ಮುಗಿಸಬೇಕು.

ಈ ಸಲ ನನ್ನನ್ನು ಎಬ್ಬಿಸಿದ್ದು ಸದ್ದಲ್ಲ. ಸದ್ದು ನಿಂತದ್ದು.

ಇವರು ಪಾಳಿಗೆ ಹೋದ ಮೇಲೆ ಗಿಣಿ ನೆಲದ ಮೇಲೆ ಆಡುತ್ತಿದ್ದಳು. ನಾನು ಗೋಡೆಗೆ ಒರಗಿದೆ. ನೀನು ಹೇಳಿದ್ದೆಯಲ್ಲ, ಹತ್ತು ನಿಮಿಷ ಅಂತ. ಅವಳ ಮಾತು ಕೇಳಿಸುತ್ತಲೇ ಇತ್ತು, ಅದೇ ಜೋಗುಳದ ಹಾಗಾಯಿತು. ವಾರಗಟ್ಟಲೆ ಬಾರದ ನಿದ್ದೆ ಆಗಲೇ ಬರಬೇಕೇ? ಕಣ್ಣು ಬಿಟ್ಟಾಗ ಮನೆ ಗಪ್‌ಚಿಪ್. ಗಿಣಿ ನನ್ನ ಎದುರಿಗೇ ಕೂತಿದ್ದಾಳೆ. ಬಾಯಿ ಅಷ್ಟಗಲ ತೆರೆದಿದೆ, ಮುಖ ಕೆಂಪಾಗಿದೆ, ಕಣ್ಣಿಂದ ನೀರು ಹರಿಯುತ್ತಿದೆ, ಅಳುತ್ತಿದ್ದಾಳೆ, ಸ್ವರವಿಲ್ಲ. ಒಂದಿಷ್ಟೂ ಸ್ವರವಿಲ್ಲ ಅಕ್ಕಾ. ತುಟಿ ಊದಿದೆ, ಜೊಲ್ಲು ದಾರವಾಗಿ ಇಳಿಯುತ್ತಿದೆ. ಕೈಯಲ್ಲಿ ಮೂಕಿಯ ಎಲೆ, ಅಂಚಿನಲ್ಲಿ ಅವಳ ನಾಲ್ಕು ಹಲ್ಲಿನ ಗುರುತು.

ನಾನು ನಿನಗೆ ಸುಳ್ಳು ಬರೆದೆ. ಜಾಗ ಬದಲಾಯಿಸಿದ್ದೆ. ಹೊಟ್ಟೆಬಾಕ ಮಗುವಿನ ಕೈಗೆ ಸಿಗಬಾರದು ಅಂತ ಅವನನ್ನು ಎತ್ತರದ ಸ್ಟ್ಯಾಂಡಿಗೆ ಏರಿಸಿ, ಅಲ್ಲಿದ್ದ ಮೂಕಿಯನ್ನು ನೆಲಕ್ಕೆ ಇಳಿಸಿದೆ. ಎಲ್ಲರಿಗಿಂತ ಸಾಧು ಅಂತ ಮೂಕಿಯನ್ನು. ಗಿಡ ಮುನಿಸಿಕೊಳ್ಳುತ್ತದೆ ಅಂತ ನೀನು ಬೈಯುತ್ತೀಯೆಂದು ಬರೆಯಲಿಲ್ಲ.

ಎತ್ತಿಕೊಂಡು ಮೆಟ್ಟಿಲಿಳಿದು ಬೀದಿಯ ಕೊನೆಯ ಈ ಸಣ್ಣ ಆಸ್ಪತ್ರೆಗೆ ಓಡಿದೆ. ಒಬ್ಬರೇ ಡಾಕ್ಟರು, ಒಬ್ಬರೇ ನರ್ಸು. ಡಾಕ್ಟರು ಟಾರ್ಚ್ ಬಿಟ್ಟು ಬಾಯಿ ನೋಡುತ್ತಾ, “ಏನಮ್ಮಾ ತಿಂದಿದ್ದು?” ಅಂದರು. ಎಲೆ ತೋರಿಸಿದೆ.

“ಯಾವ ಗಿಡ ಇದು?”

“ಮೂಕಿ.”

ಅವರು ತಲೆಯೆತ್ತಿ ನೋಡಿದರು. “ಹುಟ್ಟಿದಾಗಿಂದ್ಲೇನಾ?”

ಮಗುವಿಗೇ ಮಾತು ಬರುವುದಿಲ್ಲ ಅಂದುಕೊಂಡುಬಿಟ್ಟರು. ನನ್ನ ಗಿಣಿಗೆ! “ಇಲ್ಲ ಡಾಕ್ಟ್ರೇ, ಇವಳು ಬಾಯಿ ಮುಚ್ಚೋಳೇ ಅಲ್ಲ, ಸಾಯಂಕಾಲದವರೆಗೂ ಮಾತಾಡ್ತಾನೇ ಇದ್ಲು. ಮೂಕಿ ಅನ್ನೋದು ಗಿಡದ ಹೆಸರು.”

“ಅದು ನಿಮ್ಮನೇಲಿ ಕರೆಯೋ ಹೆಸರು. ಗಿಡದ ಹೆಸರು ಹೇಳಿ.”

ನನಗೆ ಗೊತ್ತಿಲ್ಲ. ಇಷ್ಟು ದಿನ ನೀರೆರೆದಿದ್ದೇನೆ, ಎಲೆ ಒರೆಸಿದ್ದೇನೆ, ಗೊತ್ತಿಲ್ಲ. ಡಾಕ್ಟರಿಗೂ ಎಲೆ ನೋಡಿ ತಿಳಿಯಲಿಲ್ಲ. “ನಾನು ಮನುಷ್ಯರ ಡಾಕ್ಟ್ರು ಕಣಮ್ಮಾ, ನಂಗೆ ಎಲ್ಲಾ ಎಲೆನೂ ಎಲೆನೇ” ಅಂದರು. ಊತ ಇಳಿಯಲು ಇಂಜೆಕ್ಷನ್ ಕೊಟ್ಟಿದ್ದಾರೆ. ತಣ್ಣನೆಯ ಹಾಲಿನಲ್ಲಿ ಅದ್ದಿದ ಬಟ್ಟೆಯಿಂದ ನರ್ಸು ನಾಲಿಗೆ ಒರೆಸುತ್ತಿದ್ದಾರೆ. ಉಸಿರಾಡುತ್ತಿದ್ದಾಳೆ. ಉಸಿರೆಳೆದಾಗ ಶಿಳ್ಳೆಯಂಥ ಸಣ್ಣ ಸದ್ದು ಬರುತ್ತದೆ. ನಾನು ಇಲ್ಲಿಂದಲೇ ಅದನ್ನು ಕೇಳುತ್ತಾ ಬರೆಯುತ್ತಿದ್ದೇನೆ.

ಡಾಕ್ಟರು ಹೇಳಿದ್ದು ಇಷ್ಟು, ಸರಿಯಾಗಿ ಓದಿಕೋ. ಬಾಯಿ ಗಂಟಲು ಊದಿಸುವ ಗಿಡಗಳಿವೆ. ಅಂಥದ್ದಾದರೆ ಮಗುವನ್ನು ಕದಲಿಸದೆ ಇಲ್ಲೇ ಪಕ್ಕದಲ್ಲಿ ಕೂತು ನೋಡಿಕೊಳ್ಳಬೇಕು, ಊತ ತಾನಾಗಿ ಇಳಿಯುತ್ತದೆ. ಬಾಯಿ ಸುಟ್ಟು ಆಮೇಲೆ ಹೃದಯಕ್ಕೆ ಹೋಗುವ ಗಿಡಗಳೂ ಇವೆ. ಅದಕ್ಕೆ ಬೇಕಾದ ಯಂತ್ರ ಇಲ್ಲಿಲ್ಲ, ದೊಡ್ಡ ಆಸ್ಪತ್ರೆಗೇ ಒಯ್ಯಬೇಕು. ಅಲ್ಲಿಗೆ ಒಯ್ಯುವ ವ್ಯಾನು ಬರುವುದು ಬೆಳಿಗ್ಗೆ ಆರಕ್ಕೆ. ದಾರಿ ಉದ್ದ. “ಈ ಗಂಟ್ಲು ಇಟ್ಕೊಂಡು ಆ ದಾರೀಲಿ ಕಳ್ಸೋಕೆ ನಂಗೆ ಧೈರ್ಯ ಇಲ್ಲ. ಕಳಿಸ್ದೇ ಇರೋಕೂ ಧೈರ್ಯ ಇಲ್ಲ. ಗಿಡ ಯಾವ್ದು ಅಂತ ಗೊತ್ತಿರೋರನ್ನ ಹಿಡೀರಿ” ಅಂದರು. ಗೊತ್ತಿರುವವಳು ನೀನೊಬ್ಬಳೇ.

ಅಣೆಕಟ್ಟಿನ ಕಚೇರಿಗೆ ಫೋನ್ ಮಾಡಿಸಿದೆ. ಹೊಡೆದುಕೊಳ್ಳುತ್ತಲೇ ಇದೆ, ರಾತ್ರಿ ಹೊತ್ತು ಯಾರೂ ಎತ್ತುವುದಿಲ್ಲ.

ಹಾಲಿನ ಬಟ್ಟೆ ಹಿಂಡುತ್ತಾ ನರ್ಸು ಸುಮ್ಮನೆ ಮಾತಿಗೆ ಕೇಳಿದರು, “ಅಲ್ಲಾ, ಆ ಹೆಸರು ಯಾಕಿಟ್ರು ಅದಕ್ಕೆ? ಗಿಡ ಅಂದ್ಮೇಲೆ ಯಾವ್ದು ತಾನೇ ಮಾತಾಡುತ್ತೆ?”

ಹೌದಲ್ಲ. ಹನ್ನೊಂದೂ ಮೂಕವೇ. ಕವಣೆ ಮಾವ ಕವಣೆ ಹೊಡೆಯುತ್ತಾನೆ ಅಂತ ಕವಣೆ ಮಾವ, ಸನ್ನೆ ಅತ್ತೆ ಸನ್ನೆ ಮಾಡುತ್ತಾಳೆ ಅಂತ ಸನ್ನೆ ಅತ್ತೆ. ನೀನು ಹೆಸರಿಡುವುದು ಅವರು ಮಾಡುವ ಕೆಲಸಕ್ಕೆ. ಹಾಗಾದರೆ ಮೂಕಿ ಮಾಡುವ ಕೆಲಸವೇನು? ಹೆಸರೇ ಹೇಳುತ್ತದೆ ಅಂತ ಬರೆದೆಯಲ್ಲ, ಅದು ಹೇಳಿದ್ದು ಇದನ್ನೇ ಏನು? ಕಚ್ಚಿದವರನ್ನು ಮೂಕರನ್ನಾಗಿ ಮಾಡುತ್ತದೆ ಅಂತಲೇ? ಅಷ್ಟೇ ಮಾಡುತ್ತದೆಯೇ?

ಡಾಕ್ಟರಿಗೆ ಹೇಳಿದೆ. “ನಿಮ್ಮ ಊಹೆ ಮೇಲೆ ಮಗೂನ ಇಲ್ಲಿ ಇಟ್ಕೊಳ್ಳೋಕಾಗಲ್ಲಮ್ಮ. ಅವರ ಬಾಯಿಂದಾನೇ ಕೇಳ್ಬೇಕು” ಅಂದರು.

ಅದಕ್ಕೇ ಈ ಕಾಗದ. ಆ ಹೆಸರಿಗೆ ಕೆಟ್ಟ ಅರ್ಥವೇ ಇರಲಿ ಅಂತ ಕೈಮುಗಿದು ಕೂತಿದ್ದೇನೆ ಅಕ್ಕಾ. ನೀನು ಗೊತ್ತಿದ್ದೂ ಹೇಳಲಿಲ್ಲ ಅಂತಲೇ ಆಗಲಿ. ನಾನು ಕೇಳಿದಾಗ ನಕ್ಕು ಹಾರಿಸಿದೆ ಅಂತಲೇ ಆಗಲಿ. ನಾಳೆಯಿಂದ ಇಡೀ ಜನ್ಮ ನಿನ್ನ ಜೊತೆ ಜಗಳವಾಡಲು ಒಂದು ಕಾರಣ ಸಿಗಲಿ ನನಗೆ. ಏನೂ ಇಲ್ಲ ಪುಟ್ಟೀ, ಸುಮ್ಮನೆ ಇಟ್ಟ ಹೆಸರು ಅಂತ ಮಾತ್ರ ಅನ್ನಬೇಡ.

ಜೀಪು ಬಂತು. ಡ್ರೈವರಣ್ಣ ಬನಿಯನ್ ಮೇಲೇ ಬಂದಿದ್ದಾನೆ, “ನಾಳೆ ಒಯ್ಯೋ ತರಕಾರಿ ಹಾಳಾಗಿ ಹೋಗ್ಲಿ, ನೀವು ಬರೆದು ಕೊಡಿ ತಾಯಿ” ಅನ್ನುತ್ತಿದ್ದಾನೆ. ನೀನು ಅದೇ ಜೀಪು ಹತ್ತಿ ಅಣೆಕಟ್ಟಿಗೆ ಇಳಿ. ಕಚೇರಿಗೆ ಬೀಗ ಹಾಕಿದ್ದರೆ ಒಡೆ. ಮನೆಯ ನಂಬರಿಗೆ ಮಾಡಬೇಡ, ಸಿಗುವುದಿಲ್ಲ. ಗಿಣಿಯ ನಿದ್ದೆಗೆ ಅಡ್ಡಿಯೆಂದು ಎರಡು ವಾರದಿಂದ ರಿಸೀವರ್ ಕೆಳಗೆ ತೆಗೆದಿಟ್ಟಿದ್ದೇನೆ, ಅದನ್ನೂ ನಿನಗೆ ಹೇಳಿರಲಿಲ್ಲ. ಆಸ್ಪತ್ರೆಗೆ ಮಾಡು. ನಂಬರನ್ನು ಡ್ರೈವರಣ್ಣನ ಅಂಗೈ ಮೇಲೆ ಬರೆದಿದ್ದೇನೆ, ಬೆವರಿಗೆ ಅಳಿಸುವ ಮೊದಲು ಓದಿಕೋ. ನಾನು ಫೋನಿನ ಪಕ್ಕದಲ್ಲೇ ನಿಂತಿರುತ್ತೇನೆ, ಮೊದಲ ಸದ್ದಿಗೇ ಎತ್ತುತ್ತೇನೆ.

ಬೈಯಬೇಡ, ಅಳಬೇಡ, ಸಮಾಧಾನ ಹೇಳಬೇಡ. ‘ಹೌದು, ಅದಕ್ಕೇ ಮೂಕಿ’ ಅಂತ ಅಷ್ಟು ಹೇಳು, ಸಾಕು. ಆರು ಗಂಟೆಗೆ ವ್ಯಾನು. ದಮ್ಮಯ್ಯ ಅಕ್ಕಾ, ಬೆಳಗಾಗುವುದರೊಳಗೆ ಫೋನ್ ಮಾಡು.